ಬೆರಳಿಗೆ ಬರಬೇಕಾದ ವಿದ್ಯೆ

ಕೀಲಿಮಣೆಯನ್ನು ಮುಟ್ಟದೆ, ಬರೀ ಪೆನ್ನಿನಲ್ಲಿ ಉತ್ತರ ಬರೆದು ಪಾಸಾಗಬಹುದಾದ ಒಂದು ಎಡಿಟರ್ ನಮ್ಮ ಎಂಜಿನಿಯರಿಂಗ್ ಪಠ್ಯದಲ್ಲಿತ್ತು. ಅದರ ಹೆಸರು ವಿಐ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಮೂರನೇ ಸೆಮಿಸ್ಟರಿನಲ್ಲೇ ‘ಯುನಿಕ್ಸ್ ಅಂಡ್ ಶೆಲ್ ಪ್ರೋಗ್ರಾಮಿಂಗ್’ ಎಂಬ ವಿಷಯವಿತ್ತು. ಸುಮಿತಾಭ ದಾಸ್ ಅವರ ಪುಸ್ತಕ ಅದರ ಪಠ್ಯ. ವಿಐ ತೆರೆಯುವುದು ಹೇಗೆ, ಮುಚ್ಚುವುದು ಹೇಗೆ, ಅದರ ಮೋಡ್‌ಗಳು ಯಾವುವು ಎಂಬುದೆಲ್ಲ ಅದರಲ್ಲಿ ಸೇರಿತ್ತು. ಆದರೆ ಅದು ಬರವಣಿಗೆಯ ಪರೀಕ್ಷೆಯ ವಿಷಯ. ಮೋಡ್‌ಗಳನ್ನು ಚಿತ್ರಸಹಿತ ವಿವರಿಸಿ ಎಂಬಂಥ ಪ್ರಶ್ನೆಗೆ ಮೂರು ಚೌಕ ಎಳೆದು, ನಡುವೆ ನಾಲ್ಕು ಬಾಣ ಹಾಕಿದರೆ ಅಂಕ ಬಂತು. ಮರುದಿನ ಟರ್ಮಿನಲ್ ಮುಂದೆ ಕೂತರೆ ಅದೇ ವಿದ್ಯಾರ್ಥಿಗೆ ತೆರೆದ ಫೈಲಿನಿಂದ ಹೊರಬರುವ ದಾರಿ ತಿಳಿಯದು.

ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಗೋಣಿಕೊಪ್ಪ, ವಿರಾಜಪೇಟೆ, ಬಾಳೆಲೆ, ಶ್ರೀಮಂಗಲದ ಕಡೆಯ ಮಕ್ಕಳಿಗೆ ಮನೆಯ ಹತ್ತಿರ ಸಿಗುವ ಎಂಜಿನಿಯರಿಂಗ್ ಕಾಲೇಜು ಅದು. ಅರಣ್ಯ ಕಾಲೇಜೂ ಇದೇ ಊರಿನಲ್ಲಿದೆ. ಕೀಲಿಮಣೆಯಿಂದಲೇ ನಡೆಸುವ, ಮೌಸ್ ಬೇಡದ, ಕಿಟಕಿ-ಮೆನುಗಳಿಲ್ಲದ ಇಂಥ ಎಡಿಟರನ್ನು ಇಂದಿನ ಹುಡುಗ ಹುಡುಗಿಯರು ಕಲಿಯಬೇಕೇ ಎಂಬ ಪ್ರಶ್ನೆಯನ್ನು ಪೊನ್ನಂಪೇಟೆಯಲ್ಲಿ ಕೂತು ಕೇಳಿಕೊಂಡರೆ ಸಿಗುವ ಉತ್ತರ, ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತು ಕೇಳಿಕೊಂಡಾಗಿನ ಉತ್ತರಕ್ಕಿಂತ ಬೇರೆ. ಇಲ್ಲಿನ ಉತ್ತರ ‘ಹೌದು’ ಎಂಬುದು ನನ್ನ ವಾದ. ಆದರೆ ಈ ಎಡಿಟರಿನ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ.

ಮೊದಲು ಇದು ಎಲ್ಲಿಂದ ಬಂತು ಎಂದು ನೋಡೋಣ. 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್ ಇದನ್ನು ಬರೆಯತೊಡಗಿದರು. ಅವರು ಬಳಸಿದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಎಂಬ ಟರ್ಮಿನಲ್. ಅದರ ಕೀಲಿಮಣೆಯಲ್ಲಿ ಬಾಣದ ಗುರುತಿಗೆಂದು ಬೇರೆ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣಗಳನ್ನು ಅಚ್ಚು ಹಾಕಿದ್ದರು. ಇವತ್ತಿಗೂ ವಿಐಯಲ್ಲಿ ಎಡಕ್ಕೆ ಎಚ್, ಕೆಳಕ್ಕೆ ಜೆ, ಮೇಲಕ್ಕೆ ಕೆ, ಬಲಕ್ಕೆ ಎಲ್ ಆಗಿರುವುದು ಆ ಕಾರಣಕ್ಕೆ. ಇಂದು ಟ್ಯಾಬ್ ಇರುವ ಜಾಗದಲ್ಲಿ ಆ ಯಂತ್ರದಲ್ಲಿ ಎಸ್ಕೇಪ್ ಕೀಲಿ ಇತ್ತು, ಕಿರುಬೆರಳು ಚಾಚಿದರೆ ಸಿಗುವಷ್ಟು ಹತ್ತಿರ. ಬರೆಯುವುದನ್ನು ನಿಲ್ಲಿಸಿ ಆಜ್ಞೆಗೆ ಮರಳಲು ಮಾತುಮಾತಿಗೂ ಎಸ್ಕೇಪ್ ಒತ್ತುವ ಪದ್ಧತಿ ಆಗ ಯಾರಿಗೂ ಕಷ್ಟ ಕೊಡಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಸಂಪರ್ಕದ ವೇಗ. ಆಗಿನದು 300 ಬಾಡ್ ಮೋಡೆಮ್ ಕಾಲ. ಸೆಕೆಂಡಿಗೆ ಸುಮಾರು 30 ಅಕ್ಷರ ಹರಿಯುತ್ತಿತ್ತು. ಸಾಲಿಗೆ 80 ಅಕ್ಷರದಂತೆ 24 ಸಾಲಿನ ಒಂದು ಪರದೆ ತುಂಬಬೇಕಾದರೆ 1,920 ಅಕ್ಷರ ಬರಬೇಕು, ಎಂದರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಕಾಯಬೇಕು. ಇಂಥ ತಂತಿಯ ಮೇಲೆ ಕೆಲಸ ಮಾಡುವವನು ಪರದೆಯನ್ನು ಪದೇಪದೇ ಬರೆಸಲಾರ. ಒಂದೆರಡು ಅಕ್ಷರದಲ್ಲಿ ಆಜ್ಞೆ ಕೊಡಬೇಕು, ಬದಲಾದಷ್ಟನ್ನೇ ತೋರಿಸಬೇಕು. ಇಂದಿನವರಿಗೆ ಒಗಟಿನಂತೆ ಕಾಣುವ ಆ ಒಂಟಿ ಅಕ್ಷರದ ಆಜ್ಞೆಗಳು ಯಾರೋ ಜಾಣತನ ತೋರಿಸಲು ಮಾಡಿದವಲ್ಲ. ಕೊರತೆಯಿಂದ ಹುಟ್ಟಿದವು.

ಮುಂದೆ 1991ರಲ್ಲಿ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ವಿಐಯ ದಾರಿಯಲ್ಲೇ ವಿಮ್ ಎಂಬ ಎಡಿಟರನ್ನು ಬಿಡುಗಡೆ ಮಾಡಿದರು. ಅದು ಉಚಿತ, ಇಷ್ಟವಾದರೆ ಉಗಾಂಡಾದ ಅನಾಥ ಮಕ್ಕಳಿಗೆ ನೆರವು ಕೊಡಿ ಎಂಬುದೊಂದೇ ಅವರ ವಿನಂತಿ. 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ಅದರ ಕೆಲಸ ಮಾಡುತ್ತಲೇ ಇದ್ದರು. ಇನ್ನೊಂದು ಕವಲು ಈಮ್ಯಾಕ್ಸ್. ಅದರ ಬೇರೂ 1976ರದ್ದೇ. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಅದರ ಗ್ನೂ ರೂಪವನ್ನು ಹೊರತಂದರು. ಇವೆರಡೂ ಬೇಡ ಎನ್ನುವವರಿಗೆ ನ್ಯಾನೊ ಇದೆ. ಯಾವ ಕೀಲಿ ಒತ್ತಬೇಕೆಂದು ಪರದೆಯ ಬುಡದಲ್ಲೇ ಬರೆದು ತೋರಿಸುತ್ತದೆ. ಎಲ್ಲಿಯೋ ಒಂದು ಸಾಲು ತಿದ್ದಿ ಬರುವಷ್ಟೇ ಕೆಲಸವಿದ್ದರೆ ನ್ಯಾನೊ ಸಾಕು. ಅದನ್ನು ಬಳಸುವವರನ್ನು ಕೀಳಾಗಿ ಕಾಣುವ ಚಾಳಿ ಈ ಲೋಕದಲ್ಲಿದೆ. ಅದರಿಂದ ಹೊಸಬರು ದೂರ ಓಡುವುದಲ್ಲದೆ ಬೇರೇನೂ ಆಗುವುದಿಲ್ಲ.

ವಿಮ್ ಎಡಿಟರಿನ ಒಳಗೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಹಳೆಯದು. ಇವತ್ತು ಎಷ್ಟು ಇಂಚು, ಎಷ್ಟು ಸೆಂಟ್ ಎಂದು ಡೈರಿಯಲ್ಲಿ ಬರೆಯುತ್ತಾರೆ. ಹೂಮಳೆ ಯಾವಾಗ ಬಂತು, ಆಟಿ ತಿಂಗಳಲ್ಲಿ ಎಷ್ಟು ಸುರಿಯಿತು ಎಂಬುದಕ್ಕೆ ಆ ಡೈರಿಯೇ ಸಾಕ್ಷಿ. ಮನೆಯ ಮಗಳೊಬ್ಬಳು ಅಂಥ ಒಂದು ವರ್ಷದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದ್ದಾಳೆ ಎಂದುಕೊಳ್ಳಿ. ದಿನಕ್ಕೊಂದು ಸಾಲು, ಒಟ್ಟು 365 ಸಾಲು. ಪ್ರತಿ ಸಾಲಿನ ಮೊದಲಿಗೆ ಕ್ರಮಸಂಖ್ಯೆ, ಆಮೇಲೆ ತಾರೀಖು, ಆಮೇಲೆ ಮಳೆ. ಈಗ ಕ್ರಮಸಂಖ್ಯೆ ಬೇಡವಾಗಿದೆ.

ವಿಮ್ ತೆರೆದ ಕೂಡಲೇ ಅದು ಬರೆಯುವ ಸ್ಥಿತಿಯಲ್ಲಿರುವುದಿಲ್ಲ, ಆಜ್ಞೆ ಕೇಳುವ ಸ್ಥಿತಿಯಲ್ಲಿರುತ್ತದೆ. ಅಲ್ಲಿ ಪ್ರತಿ ಕೀಲಿಯೂ ಒಂದು ಆಜ್ಞೆ. ‘ಡಿ’ ಎಂದರೆ ಅಳಿಸು, ‘ಡಬ್ಲ್ಯು’ ಎಂದರೆ ಮುಂದಿನ ಪದದವರೆಗೆ. ಎರಡನ್ನೂ ಒಂದರ ಹಿಂದೊಂದು ಒತ್ತಿದರೆ ಒಂದು ಪದ ಹೋಗುತ್ತದೆ. ‘ಡಿ’ ಬದಲು ‘ಸಿ’ ಒತ್ತಿದರೆ ಪದ ಅಳಿದು, ಅದರ ಜಾಗದಲ್ಲಿ ಹೊಸದನ್ನು ಬರೆಯಲು ಬಿಡುತ್ತದೆ. ‘ಡಿ’ ಜೊತೆಗೆ ಡಾಲರ್ ಚಿಹ್ನೆ ಸೇರಿಸಿದರೆ ಸಾಲಿನ ಕೊನೆಯವರೆಗೆ ಅಳಿಯುತ್ತದೆ. ಕ್ರಿಯೆ ಒಂದು ಕಡೆ, ಅದು ಎಲ್ಲಿಯವರೆಗೆ ಎಂಬುದು ಇನ್ನೊಂದು ಕಡೆ. ಹತ್ತು ಕ್ರಿಯೆ, ಹತ್ತು ಅಳತೆ ಕಲಿತವನಿಗೆ ನೂರು ಆಜ್ಞೆ ಬಂದಂತಾಯಿತು. ನೂರನ್ನೂ ಬಾಯಿಪಾಠ ಮಾಡಬೇಕಿಲ್ಲ.

ಮಳೆಯ ಫೈಲಿನ ಮೊದಲ ಸಾಲಿನಲ್ಲಿ ನಿಂತು ಅವಳು ‘ಕ್ಯು’, ‘ಎ’ ಒತ್ತುತ್ತಾಳೆ. ಇನ್ನು ಮುಂದೆ ಮಾಡುವುದನ್ನೆಲ್ಲ ‘ಎ’ ಎಂಬ ಹೆಸರಿನಲ್ಲಿ ನೆನಪಿಟ್ಟುಕೋ ಎಂದು ಅದರ ಅರ್ಥ. ಸೊನ್ನೆ ಒತ್ತಿದರೆ ಸಾಲಿನ ಆರಂಭಕ್ಕೆ ಹೋಗುತ್ತದೆ. ‘ಡಿ’, ‘ಡಬ್ಲ್ಯು’ ಒತ್ತಿದರೆ ಕ್ರಮಸಂಖ್ಯೆ ಅಳಿಯುತ್ತದೆ. ‘ಜೆ’ ಒತ್ತಿದರೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಮತ್ತೆ ‘ಕ್ಯು’ ಒತ್ತಿದರೆ ನೆನಪಿಡುವುದು ನಿಲ್ಲುತ್ತದೆ. ಈಗ 364 ಎಂದು ಒತ್ತಿ, ಅಟ್ ಚಿಹ್ನೆ ಒತ್ತಿ, ‘ಎ’ ಒತ್ತಿದರೆ ಉಳಿದ 364 ಸಾಲುಗಳ ಕ್ರಮಸಂಖ್ಯೆಯೂ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ತಪ್ಪಾಗಿದ್ದರೆ ‘ಯು’ ಒತ್ತಿದರೆ ಹಿಂದಿನ ಸ್ಥಿತಿ. ಇಲ್ಲಿ ಅವಳು ಮಾಡಿದ್ದು ಒಂದು ಪುಟ್ಟ ಪ್ರೋಗ್ರಾಮ್. ಯಾವ ತರಗತಿಯೂ ಇಲ್ಲದೆ, ಕೆಲಸದ ನಡುವೆಯೇ ಅವಳಿಗೆ ಪುನರಾವರ್ತನೆ ಎಂಬ ಪರಿಕಲ್ಪನೆ ಕೈಗೆ ಸಿಕ್ಕಿತು.

ಇಷ್ಟು ಕೇಳಿದ ಅಭಿಮಾನಿ ಕೂಡಲೇ ಹೇಳುವ ಮಾತು: ನೋಡಿ, ಎಷ್ಟು ವೇಗ! ನನ್ನ ತಕರಾರು ಇರುವುದು ಇಲ್ಲೇ. ವೇಗದ ವಾದ ಅವರು ಅಂದುಕೊಂಡಷ್ಟು ಗಟ್ಟಿಯಾದುದಲ್ಲ. ಆಪಲ್ ಕಂಪನಿಯಲ್ಲಿ ಬಳಕೆದಾರರ ಅನುಭವದ ಬಗ್ಗೆ ಕೆಲಸ ಮಾಡಿದ ಬ್ರೂಸ್ ಟೊಗ್ನಾಝಿನಿ 1980ರ ದಶಕದ ಕೊನೆಯಲ್ಲೇ ಇದನ್ನು ಕೆಣಕಿದ್ದರು: ಜನರು ಕೀಲಿಮಣೆಯೇ ವೇಗ ಎಂದು ನಂಬುತ್ತಾರೆ, ಗಡಿಯಾರ ಹಿಡಿದು ನೋಡಿದರೆ ಮೌಸ್ ಗೆಲ್ಲುತ್ತದೆ ಎಂದು. ಅವರ ಮಾತನ್ನು ಎಲ್ಲ ಕೆಲಸಕ್ಕೂ ಒಪ್ಪಬೇಕಿಲ್ಲ. 364 ಸಾಲುಗಳ ಮಾತು ಬಂದಾಗ ಮೌಸ್ ಗೆಲ್ಲಲಾರದು. ಆದರೆ ಒಬ್ಬ ಪ್ರೋಗ್ರಾಮರ್ ದಿನದ ಹೆಚ್ಚಿನ ಹೊತ್ತನ್ನು ಓದುವುದರಲ್ಲಿ, ಯೋಚಿಸುವುದರಲ್ಲಿ, ತಪ್ಪು ಹುಡುಕುವುದರಲ್ಲಿ ಕಳೆಯುತ್ತಾನೆ. ಅಕ್ಷರ ಒತ್ತುವ ವೇಗ ಹೆಚ್ಚಿದ ಮಾತ್ರಕ್ಕೆ ಕೆಲಸ ಬೇಗ ಮುಗಿಯುವುದಿಲ್ಲ. ಮೇಲಾಗಿ, ವಿಎಸ್ ಕೋಡ್‌ನಂಥ ಇಂದಿನ ಉಚಿತ ಎಡಿಟರುಗಳು ಬರೆಯುತ್ತಿರುವಾಗಲೇ ತಪ್ಪು ತೋರಿಸುತ್ತವೆ, ಮುಂದಿನ ಪದ ಸೂಚಿಸುತ್ತವೆ. ದೊಡ್ಡ ಜಾವಾ ಪ್ರಾಜೆಕ್ಟು ಹಿಡಿದವರು ಅವನ್ನು ಬಿಟ್ಟು ವಿಮ್ ಬಳಸಬೇಕೆಂದು ಒತ್ತಾಯಿಸುವುದು ಹಟವಾದೀತು.

ಹಾಗಾದರೆ ಕಲಿಯುವುದು ಏಕೆ? ಈ ಸಾಧನ ಬಹಳ ಕಡಿಮೆ ಕೇಳುತ್ತದೆ, ಅದಕ್ಕೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪೊನ್ನಂಪೇಟೆಯ ಮಳೆಗಾಲವನ್ನು ನೆನೆಸಿಕೊಳ್ಳಿ. ಕರೆಂಟಿನ ಲೈನುಗಳು ಕಾಫಿ ತೋಟಗಳ ನಡುವೆ, ಸಿಲ್ವರ್ ಓಕ್ ಮರಗಳ ಕೆಳಗೆ ಹಾದು ಬರುತ್ತವೆ. ಗಾಳಿ ಬೀಸಿದರೆ ಕೊಂಬೆ ಲೈನಿನ ಮೇಲೆ. ಎಲ್ಲಿ ಬಿದ್ದಿದೆ ಎಂದು ಲೈನ್‌ಮನ್ ಮಳೆಯಲ್ಲೇ ಹುಡುಕಿಕೊಂಡು ಹೋಗಬೇಕು. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಕೈಕೊಡುತ್ತದೆ. ಹಾಟ್‌ಸ್ಪಾಟಿನಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವ ಹುಡುಗ ದೂರದ ಸರ್ವರಿನಲ್ಲಿರುವ ಫೈಲನ್ನು ತಿದ್ದಬೇಕು. ಚಿತ್ರ ತುಂಬಿದ ಪರದೆಯನ್ನು ಆ ಎಳೆಯ ಮೂಲಕ ಎಳೆದು ತರಲಾಗುವುದಿಲ್ಲ. ಆದರೆ ಟರ್ಮಿನಲ್ಲಿನಲ್ಲಿ ಹೋಗಿ ಬರುವುದು ಕೆಲವೇ ಬೈಟ್‌ಗಳಷ್ಟು ಅಕ್ಷರ. 300 ಬಾಡ್ ತಂತಿಗೆಂದು ಮಾಡಿದ ಸಾಧನಕ್ಕೆ ಒಂದು ಕಡ್ಡಿ ಸಿಗ್ನಲ್ ಎಂದರೆ ಐಶ್ವರ್ಯ. ಜೊತೆಗೆ ಟಿಮಕ್ಸ್‌ನಂಥ ಪ್ರೋಗ್ರಾಮ್ ಸೇರಿಸಿಕೊಂಡರೆ ಸಂಪರ್ಕ ಕಡಿದರೂ ಆ ತುದಿಯಲ್ಲಿ ಕೆಲಸ ಹಾಗೆಯೇ ನಿಂತಿರುತ್ತದೆ. ಸಿಗ್ನಲ್ ಬಂದಾಗ ಬಿಟ್ಟಲ್ಲಿಂದ ಹಿಡಿಯಬಹುದು.

ಯುಪಿಎಸ್ ಇಲ್ಲದ ಹಳೆಯ ಡೆಸ್ಕ್‌ಟಾಪಿನಲ್ಲಿ ಬರೆಯುತ್ತಿರುವಾಗಲೇ ಕರೆಂಟು ಹೋಯಿತು ಎನ್ನಿ. ವಿಮ್ ತಾನಾಗಿಯೇ ಪಕ್ಕದಲ್ಲೊಂದು ಸ್ವಾಪ್ ಫೈಲ್ ಇಟ್ಟುಕೊಂಡಿರುತ್ತದೆ. 200 ಅಕ್ಷರ ಒತ್ತಿದ ಮೇಲೆ, ಇಲ್ಲವೇ 4 ಸೆಕೆಂಡು ಕೈ ನಿಂತಾಗ, ಬರೆದದ್ದನ್ನು ಅದಕ್ಕೆ ಸೇರಿಸುತ್ತದೆ. ಕರೆಂಟು ಬಂದ ಮೇಲೆ ಅದೇ ಫೈಲ್ ತೆರೆದರೆ ಒಂದು ಎಚ್ಚರಿಕೆ ಕಾಣುತ್ತದೆ. ‘ಆರ್’ ಒತ್ತಿದರೆ ಹೋದದ್ದು ಬಹುಪಾಲು ಮರಳುತ್ತದೆ. ಇಂದಿನ ಬೇರೆ ಎಡಿಟರುಗಳಲ್ಲೂ ಇಂಥ ವ್ಯವಸ್ಥೆ ಇದೆ, ನಿಜ. ಆದರೆ ಅವು ಹೊಸ ಲ್ಯಾಪ್‌ಟಾಪ್, ಹೆಚ್ಚು ಮೆಮೊರಿ, ಆಗಾಗ ಅಪ್‌ಡೇಟ್ ಕೇಳುತ್ತವೆ. ಅಣ್ಣ ಓದಿ ಮುಗಿಸಿದ ಮೇಲೆ ತಂಗಿಗೆ ಬಂದ ಹತ್ತು ವರ್ಷದ ಹಳೆಯ ಯಂತ್ರದಲ್ಲೂ ವಿಮ್ ಗೊಣಗದೆ ಓಡುತ್ತದೆ.

ಕಡಿಮೆ ಕೇಳುವುದರಲ್ಲಿ ಇನ್ನೂ ಒಂದು ಬಗೆಯಿದೆ. ಮೌಸ್ ಹಿಡಿಯಬೇಕಾದರೆ ಕಣ್ಣು ಬೇಕು. ಪುಣೆಯಲ್ಲಿ ಬೆಳೆದು, ಬಾಂಬೆ ಐಐಟಿಯಲ್ಲಿ ಓದಿದ ಟಿ.ವಿ. ರಾಮನ್ ಹದಿಹರೆಯದಲ್ಲೇ ಕಣ್ಣು ಕಳೆದುಕೊಂಡವರು. 1995ರಲ್ಲಿ ಅವರು ಈಮ್ಯಾಕ್ಸ್ ಮೇಲೆ ಕಟ್ಟಿದ ಈಮ್ಯಾಕ್‌ಸ್ಪೀಕ್ ಪರದೆಯ ಮೇಲಿರುವುದನ್ನು ಮಾತಿನಲ್ಲಿ ಹೇಳುತ್ತದೆ. ಎಲ್ಲ ಆಜ್ಞೆಯೂ ಕೀಲಿಮಣೆಯಲ್ಲೇ ಇರುವ ಎಡಿಟರ್ ಆದ್ದರಿಂದ ಅದು ಸಾಧ್ಯವಾಯಿತು. ತೋರಿಸಿ ಒತ್ತು ಎನ್ನುವ ಸಾಧನಗಳು ಸುಲಭ ಎಂದು ನಾವು ಹೇಳುವಾಗ, ಯಾರಿಗೆ ಸುಲಭ ಎಂದೂ ಕೇಳಿಕೊಳ್ಳಬೇಕು.

ಎಐ ಕೋಡ್ ಬರೆದುಕೊಡುವ ಈ ದಿನಗಳಲ್ಲಿ ಎಡಿಟರ್ ಕಲಿಯುವುದು ವ್ಯರ್ಥ ಎಂಬ ಆಕ್ಷೇಪವೂ ಇದೆ. ನಡೆದಿರುವುದು ಸ್ವಲ್ಪ ತಿರುವುಮುರುವು. 2025ರಿಂದೀಚೆಗೆ ದೊಡ್ಡ ಕಂಪನಿಗಳು ಹೊರತಂದ ಹಲವು ಎಐ ಸಹಾಯಕಗಳು ಟರ್ಮಿನಲ್ಲಿನಲ್ಲೇ ಓಡುತ್ತವೆ. ಟರ್ಮಿನಲ್ ಎಂದರೆ ಹೆದರುತ್ತಿದ್ದ ಹುಡುಗ ಈಗ ಅಲ್ಲಿಗೇ ಬಂದು ನಿಲ್ಲಬೇಕಾಗಿದೆ. ಯಂತ್ರ ಬರೆದ ನೂರು ಸಾಲಿನಲ್ಲಿ ಎರಡು ಸಾಲು ತಪ್ಪಿದ್ದಾಗ, ಅವನ್ನು ಹುಡುಕಿ ತಿದ್ದುವ ಹೊಣೆ ಮನುಷ್ಯನದೇ. ಆ ಎರಡು ಸಾಲಿನ ಮುಂದೆ ಕೈಕಟ್ಟಿ ಕೂರುವವನಾಗಬಾರದು.

ಇಷ್ಟೆಲ್ಲ ಕಡಿಮೆ ಕೇಳುವ ಈ ಸಾಧನ ಪಟ್ಟು ಹಿಡಿದು ಕೇಳುವುದು ಒಂದನ್ನು: ಅಭ್ಯಾಸ. ಅದರಲ್ಲಿ ರಿಯಾಯಿತಿಯಿಲ್ಲ. ವಿಮ್‌ನಿಂದ ಹೊರಬರುವುದು ಹೇಗೆ ಎಂದು 2012ರಲ್ಲಿ ಒಬ್ಬರು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಕೇಳಿದ ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ನೋಡಲಾಗಿತ್ತು. ಎಸ್ಕೇಪ್, ಆಮೇಲೆ ಕೋಲನ್, ‘ಕ್ಯು’, ಆಶ್ಚರ್ಯಚಿಹ್ನೆ, ಎಂಟರ್ ಎಂಬ ಉತ್ತರ ತಿಳಿದರೂ ಮೊದಲ ವಾರ ಬೆರಳಿಗೆ ಬರುವುದಿಲ್ಲ. ಬರೆಯುತ್ತಿದ್ದೇನೆ ಎಂದುಕೊಂಡು ಆಜ್ಞೆ ಕೊಟ್ಟಿರುತ್ತೇವೆ, ಆಜ್ಞೆ ಎಂದುಕೊಂಡು ಅಕ್ಷರ ತುಂಬಿರುತ್ತೇವೆ. ಆ ಮೊದಲ ವಾರದಲ್ಲೇ ಹೆಚ್ಚಿನವರು ಕೈಬಿಡುತ್ತಾರೆ.

ಈ ಕಲಿಕೆಯನ್ನು ಪೊನ್ನಂಪೇಟೆಯವರಿಗೆ ವಿವರಿಸುವುದು ಕಷ್ಟವಲ್ಲ. ಇಲ್ಲಿ ಹಾಕಿ ಟರ್ಫ್ ಇದೆ, ಕ್ರೀಡಾ ಹಾಸ್ಟೆಲ್ ಇದೆ. ಸ್ಟಿಕ್ ಹಿಡಿದ ಮೊದಲ ದಿನಗಳಲ್ಲಿ ಮಗುವಿನ ಕಣ್ಣು ಚೆಂಡಿನ ಮೇಲೆಯೇ ಇರುತ್ತದೆ. ಕೋಚ್ ದಿನಾ ಡ್ರಿಬ್ಲಿಂಗ್ ಮಾಡಿಸಿ ಮಾಡಿಸಿ, ಒಂದು ದಿನ ತಲೆ ಮೇಲೇಳುತ್ತದೆ. ಕಣ್ಣು ಮೈದಾನದ ಮೇಲೆ, ಚೆಂಡು ಕೈಯ ಅಂಕೆಯಲ್ಲಿ. ಎಡಿಟರಿನ ಕಲಿಕೆಯೂ ಹೀಗೆಯೇ. ಕೀಲಿಯ ಮೇಲಿನ ಗಮನ ಬಿಟ್ಟುಹೋದಾಗ ಮಾತ್ರ ಕಣ್ಣು ಮೈದಾನಕ್ಕೆ, ಎಂದರೆ ಬರೆಯುತ್ತಿರುವ ವಿಷಯಕ್ಕೆ, ಏಳುತ್ತದೆ. ಡ್ರಿಬ್ಲಿಂಗಿನ ಹಂತಗಳನ್ನು ಚಿತ್ರಸಹಿತ ವಿವರಿಸಿ ಎಂದು ಪರೀಕ್ಷೆ ಕೊಟ್ಟು ಯಾವ ಕೋಚೂ ತಂಡ ಕಟ್ಟುವುದಿಲ್ಲ.

ಕರ್ನಾಟಕಕ್ಕೆ ಬೆರಳಿನ ವಿದ್ಯೆ ಹೊಸದೂ ಅಲ್ಲ. ಒಂದು ಕಾಲದಲ್ಲಿ ತಾಲ್ಲೂಕು ಕೇಂದ್ರ ಎಂದರೆ ಅಲ್ಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಬೆಳಗ್ಗೆ ಒಂದು ತಾಸು ಹೋಗಿ ‘ಎ ಎಸ್ ಡಿ ಎಫ್’ ಸಾಲನ್ನು ಪುಟಗಟ್ಟಲೆ ಬಡಿಯುತ್ತಿದ್ದರು. ಕೀಲಿಮಣೆ ನೋಡಿದರೆ ಗುರುಗಳು ಗದರುತ್ತಿದ್ದರು. ಜೂನಿಯರ್, ಸೀನಿಯರ್ ಎಂದು ಸರ್ಕಾರದ ಪರೀಕ್ಷೆಗಳಿದ್ದವು, ಕನ್ನಡಕ್ಕೂ ಇದ್ದವು. ಆ ಪರೀಕ್ಷೆಗೆ ಯಂತ್ರದ ಮುಂದೆ ಕೂತು ಬಡಿಯಬೇಕಿತ್ತು, ಗಡಿಯಾರ ನಡೆಯುತ್ತಿತ್ತು. ಅದು ಗುಮಾಸ್ತರ ವಿದ್ಯೆ ಎಂದು ಎಂಜಿನಿಯರಿಂಗ್ ಶಿಕ್ಷಣ ಅದನ್ನು ಹೊರಗೇ ಇಟ್ಟಿತು. ಫಲವಾಗಿ ನಾಲ್ಕು ವರ್ಷ ಕಂಪ್ಯೂಟರ್ ಓದಿದವರೂ ಎರಡು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವುದನ್ನು ನೋಡುತ್ತಿದ್ದೇವೆ. ಟೈಪಿಂಗ್ ಬಾರದವರ ಕೈಗೆ ವಿಮ್ ಕೊಟ್ಟರೆ ಅದು ಶಿಕ್ಷೆಯಾಗುತ್ತದೆ. ಮೊದಲು ಬೆರಳು, ಆಮೇಲೆ ಎಡಿಟರ್.

ಇನ್ನು ಈ ವಾದದ ದುರ್ಬಲ ಜಾಗಕ್ಕೆ ಬರುತ್ತೇನೆ. ಕಡಿಮೆ ಕೇಳುವ ಸಾಧನ ಎಂದೆ. ಆದರೆ ಅದು ಸದ್ದಿಲ್ಲದೆ ಇನ್ನೊಂದನ್ನೂ ಕೇಳುತ್ತದೆ: ರೋಮನ್ ಲಿಪಿಯಲ್ಲಿ ಬರೆ ಎಂದು.

ಟರ್ಮಿನಲ್ ಎಂದರೆ ಚೌಕುಳಿ ಹಾಳೆ. ಒಂದು ಚೌಕಕ್ಕೆ ಒಂದು ಅಕ್ಷರ ಎಂಬ ಲೆಕ್ಕ ಇಂಗ್ಲಿಷಿಗೆ ಸರಿ. ಕನ್ನಡದ ‘ಸ್ತ್ರೀ’ ತೆಗೆದುಕೊಳ್ಳಿ. ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿನಲ್ಲಿ ಅದು ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ದೀರ್ಘ ಈ-ಕಾರ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ಅದಕ್ಕೆ ಎಸ್, ಎಫ್, ಟಿ, ಎಫ್, ಆರ್, ಶಿಫ್ಟ್ ಹಿಡಿದು ಐ ಎಂದು ಒತ್ತುತ್ತೇವೆ. ‘ಎಫ್’ ಅಲ್ಲಿ ಒತ್ತು ಕೂಡಿಸುವ ಕೀಲಿ. ಹೀಗೆ ಬರೆದದ್ದನ್ನು ಬಹುತೇಕ ಟರ್ಮಿನಲ್ಲುಗಳಲ್ಲಿ ನೋಡಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದ ಚೌಕಕ್ಕೆ ಜಾರಿರುತ್ತದೆ, ಕರ್ಸರ್ ಒಂದು ಕಡೆ ಕಂಡರೆ ಅಳಿಯುವುದು ಇನ್ನೊಂದು ಕಡೆ. ವಿಮ್‌ನಲ್ಲಿ ಒಂದಕ್ಷರ ಅಳಿಸುವ ‘ಎಕ್ಸ್’ ಕೀಲಿಯನ್ನು ಈ ಒಂದೇ ಅಕ್ಷರಕ್ಕೆ ಮೂರು ಸಲ ಒತ್ತಬೇಕು: ಒಮ್ಮೆ ಸ್, ಒಮ್ಮೆ ತ್, ಒಮ್ಮೆ ರೀ.

ಇನ್ನೊಂದು ತೊಡಕು ಮೋಡ್‌ಗಳದ್ದು. ಕನ್ನಡ ಕೀಲಿಮಣೆ ಚಾಲೂ ಇಟ್ಟುಕೊಂಡು ಬರೆದು, ಎಸ್ಕೇಪ್ ಒತ್ತಿ ‘ಡಿ’ ಎಂದರೆ ವಿಮ್‌ಗೆ ತಲುಪುವುದು ಕನ್ನಡದ ದಕಾರ. ಆ ಹೆಸರಿನ ಆಜ್ಞೆ ಅದಕ್ಕೆ ಗೊತ್ತಿಲ್ಲ. ಪ್ರತಿ ಸಲ ಕೀಲಿಮಣೆ ಬದಲಿಸುತ್ತ ಕೂತರೆ ಬರೆದಂತೆಯೇ. ಇದಕ್ಕೆ ಪರಿಹಾರ ಇಲ್ಲದಿಲ್ಲ. ವಿಮ್‌ನಲ್ಲಿ ಕೀಮ್ಯಾಪ್ ಎಂಬ ಸೌಲಭ್ಯವಿದೆ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಸಾದಾ ಫೈಲಿನಲ್ಲಿ ಬರೆದಿಟ್ಟರೆ ಬರೆಯುವಾಗ ಕನ್ನಡ, ಆಜ್ಞೆಗೆ ಮರಳಿದ ಕೂಡಲೇ ತಾನಾಗಿ ಇಂಗ್ಲಿಷ್. ಈಮ್ಯಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಕನ್ನಡ ಬರೆಯುವ ಎರಡು ವಿಧಾನ ಅದರೊಳಗೇ ಇವೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ, ತನ್ನದೇ ಕಿಟಕಿಯಲ್ಲಿ ತೆರೆದಾಗ ಅದು ಒತ್ತಕ್ಷರಗಳನ್ನು ಹಾರ್ಫ್‌ಬಝ್ ಎಂಬ ತಂತ್ರಾಂಶದ ನೆರವಿನಿಂದ ಸರಿಯಾಗಿ ಜೋಡಿಸುತ್ತದೆ. ಹಾಗಾಗಿ ಇವತ್ತಿನ ಸ್ಥಿತಿಯಲ್ಲಿ ನನ್ನ ಸಲಹೆ ಇಷ್ಟು: ಪ್ರೋಗ್ರಾಮ್, ಸರ್ವರ್ ಕೆಲಸ, ಅಂಕಿಅಂಶಗಳ ಫೈಲಿಗೆ ಟರ್ಮಿನಲ್ ಎಡಿಟರ್, ಕನ್ನಡ ಲೇಖನಕ್ಕೆ ಬೇರೆ ಸಾಧನ.

ಆದರೆ ಇದನ್ನು ನೋಡಿ ‘ಕನ್ನಡಿಗರಿಗೆ ಇದು ಹೇಳಿಸಿದ್ದಲ್ಲ’ ಎಂದು ಎದ್ದು ಹೋಗುವುದು ತಪ್ಪು ಲೆಕ್ಕ. ಟರ್ಮಿನಲ್ಲಿನಲ್ಲಿ ಕನ್ನಡ ಮುರಿದಿರುವುದು ಪ್ರಕೃತಿ ನಿಯಮವಲ್ಲ. ಅದನ್ನು ಬರೆದವರ ಮೇಜಿನ ಮೇಲೆ ಕನ್ನಡ ಇರಲಿಲ್ಲ, ಅಷ್ಟೆ. ಕಂಪ್ಯೂಟರಿನಲ್ಲಿ ಕನ್ನಡ ಇಷ್ಟಾದರೂ ಬಂದಿರುವುದು ಕೆ.ಪಿ. ರಾವ್ ಅವರಂಥವರು, ಬರಹ ತಂತ್ರಾಂಶ ಮಾಡಿದ ಶೇಷಾದ್ರಿವಾಸು ಅವರಂಥವರು ಯಂತ್ರದ ಒಳಗೆ ಕೈಹಾಕಿದ್ದರಿಂದ. ಟರ್ಮಿನಲ್ಲಿನ ಒಳಗೆ ಕೈಹಾಕುವವರು ಟರ್ಮಿನಲ್ ಬಲ್ಲವರೇ ಆಗಿರಬೇಕು. ಆ ಕೆಲಸ ಕನ್ನಡ ಬಲ್ಲ ವಿದ್ಯಾರ್ಥಿಗಳಿಗಾಗಿ ಕಾದಿದೆ.

ಇಂಥ ಕೈಯಾರೆ ಕಲಿಕೆ ನಮ್ಮಂಥ ಊರುಗಳಲ್ಲಿ ಆಗುವ ಮಾತೇ ಎಂದು ಕೇಳುವವರು ದೂರ ಹೋಗಬೇಕಿಲ್ಲ. ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟ ದಾಟಿದರೆ ವಯನಾಡು. ಕೇರಳ 2001ರಲ್ಲಿ ಶುರುಮಾಡಿದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ಹೈಸ್ಕೂಲಿನಲ್ಲೇ ಗ್ನೂ ಲಿನಕ್ಸ್ ಬಳಸುತ್ತಾರೆ, ಕಂಪ್ಯೂಟರ್ ಮುಂದೆ ಕೂತು ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ಪಾಠ. ಆ ಮಕ್ಕಳೆಲ್ಲ ವಿಮ್ ಕಲಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಉಚಿತ ತಂತ್ರಾಂಶ, ಸಾದಾ ಯಂತ್ರ, ಕೈಯಾರೆ ಕಲಿಕೆ ಈ ಮೂರೂ ಸರ್ಕಾರಿ ಶಾಲೆಯಲ್ಲಿ ಸಾಧ್ಯ ಎಂದು ಅವರು ತೋರಿಸಿದ್ದಾರೆ.

ನಮ್ಮ ಕಾಲೇಜುಗಳು ಮಾಡಬೇಕಾದದ್ದು ದುಬಾರಿಯದೇನಲ್ಲ. ಮೊದಲ ಸೆಮಿಸ್ಟರಿನ ಸಿ ಲ್ಯಾಬಿನಲ್ಲಿ ವಾರಕ್ಕೊಂದು ಗಂಟೆ ಬೆರಳಿನ ಅಭ್ಯಾಸಕ್ಕೆ ಮೀಸಲಿಡಬೇಕು. ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಎಂಬ ಪಾಠವನ್ನು ಮುಗಿಸಲು ಅರ್ಧ ಗಂಟೆ ಸಾಕು. ಅದನ್ನು ಓದುತ್ತ ಅದರೊಳಗೇ ತಿದ್ದುತ್ತ ಕಲಿಯಬೇಕು. ಒಂದೇ ಸಲಕ್ಕೆ ಬಿಡದೆ ತಿಂಗಳಿಡೀ ಮಾಡಿಸಬೇಕು. ಮಕ್ಕಳಿಗೆ ಅರ್ಥವಾಗುವ ಫೈಲುಗಳನ್ನು ಕೊಡಬೇಕು: ಮನೆಯ ಮಳೆಲೆಕ್ಕ, ಕಾಫಿ ದರಪಟ್ಟಿ, ಅರಣ್ಯ ಕಾಲೇಜಿನವರಾದರೆ ಮರಗಳ ಅಳತೆ. ಪರೀಕ್ಷೆ ಇಡಲೇಬೇಕೆಂದರೆ ಪೆನ್ನು ಕಿತ್ತುಕೊಂಡು ಕೀಲಿಮಣೆ ಕೊಡಬೇಕು. ಟರ್ಮಿನಲ್ಲಿನಲ್ಲಿ ಕನ್ನಡ ಸರಿಪಡಿಸುವ ಕೆಲಸವನ್ನು ಕೊನೆಯ ವರ್ಷದ ಪ್ರಾಜೆಕ್ಟುಗಳ ಪಟ್ಟಿಗೆ ಸೇರಿಸಬೇಕು. ತಿಂಗಳು ಅಭ್ಯಾಸ ಮಾಡಿದ ಮೇಲೆಯೂ ಯಾರಿಗಾದರೂ ವಿಮ್ ಒಗ್ಗದಿದ್ದರೆ ಅವರು ನ್ಯಾನೊ ಬಳಸಲಿ, ವಿಎಸ್ ಕೋಡ್ ಬಳಸಲಿ. ಮೌಸ್ ಕೆಟ್ಟರೂ ಕೆಲಸ ನಿಲ್ಲದಷ್ಟು ಕೈ ಪಳಗಿದರೆ ಸಾಕು. ಇದಕ್ಕೆ ಹೊಸ ಕಟ್ಟಡ, ಹೊಸ ಯಂತ್ರ, ಲೈಸೆನ್ಸ್ ಶುಲ್ಕ ಯಾವುದೂ ಬೇಡ. ಈಗಿರುವ ಲ್ಯಾಬಿನಲ್ಲೇ ಮುಂದಿನ ಸೆಮಿಸ್ಟರಿನಿಂದ ಶುರುಮಾಡಬಹುದು.